ಯಲಹಂಕವೋ, ಕನಕಪುರ ರಸ್ತೆಯೋ?

"ಬೆಂಗಳೂರಲ್ಲಿ ಮನೆ ತಗೋಬೇಕು ಅಂತಿದ್ದೀವಿ. ಯಲಹಂಕ ಒಳ್ಳೇದಾ, ಕನಕಪುರ ರಸ್ತೆ ಒಳ್ಳೇದಾ?" ನೆಂಟರು, ಆಫೀಸಿನವರು, ತಮ್ಮನ ಸ್ನೇಹಿತರು, ಎಲ್ಲರೂ ನನ್ನನ್ನು ಕೇಳುವುದು ಇದನ್ನೇ. ಯಲಹಂಕ ಊರಿನ ಉತ್ತರಕ್ಕೆ, ಕನಕಪುರ ರಸ್ತೆ ದಕ್ಷಿಣಕ್ಕೆ. 2024ರಲ್ಲಿ ಇಡೀ ವರ್ಷ ನಾವು ಈ ಎರಡೂ ಕಡೆ ಅಲೆದು, ಕೊನೆಗೆ ಕನಕಪುರ ರಸ್ತೆಯ ವಾಜರಹಳ್ಳಿ ಹತ್ತಿರ ಎರಡು ಬೆಡ್‌ರೂಮಿನ ಫ್ಲಾಟ್ ತಗೊಂಡೆವು. ಫೋನಿನಲ್ಲಿ ಒಬ್ಬೊಬ್ಬರಿಗೂ ಅರ್ಧರ್ಧ ಹೇಳಿದ್ದೇನೆ, ಇಲ್ಲಿ ಪೂರ್ತಿ ಹೇಳುತ್ತೇನೆ.

ನನ್ನ ಆಫೀಸು ಇರುವುದು ಉತ್ತರದ ಕಡೆಯ ನಾಗವಾರದ ಮಾನ್ಯತಾ ಟೆಕ್ ಪಾರ್ಕಿನಲ್ಲಿ. ಮ್ಯಾಪ್ ನೋಡಿದವರು ಯಾರಾದರೂ ಯಲಹಂಕ ಅಂತಲೇ ಹೇಳುತ್ತಾರೆ, ಅಲ್ವಾ? ನಾವೂ ಮೊದಲು ಅಲ್ಲಿಗೇ ಹೋದೆವು, ನೋಡಿ ಮನಸ್ಸೂ ಸೋತೆವು. ಯಲಹಂಕ ಉಪನಗರ ಗೃಹ ಮಂಡಳಿ ಮಾಡಿದ ಬಡಾವಣೆ. ರಸ್ತೆಗಳು ಅಗಲ, ಮರಗಳು ದೊಡ್ಡವು, ತರಕಾರಿ ಅಂಗಡಿ, ಮೆಡಿಕಲ್ಸು, ಬ್ಯಾಂಕು ಎಲ್ಲಾ ನಡೆದು ಹೋಗುವಷ್ಟು ದೂರ. ಕನಕಪುರ ರಸ್ತೆ ಹಾಗಿಲ್ಲ. ಹಳ್ಳಿಗಳ ನಡುವೆ ತುಂಡು ತುಂಡಾಗಿ ಲೇಔಟುಗಳು. ಚೆನ್ನಾಗಿ ಬರುತ್ತಿದ್ದ 40 ಅಡಿ ರಸ್ತೆ ಇದ್ದಕ್ಕಿದ್ದಂತೆ ಯಾರದೋ ದನದ ಕೊಟ್ಟಿಗೆ ಮುಂದೆ ನಿಂತುಬಿಡುತ್ತದೆ. ಬಡಾವಣೆ ಅಂತ ನೋಡಿದರೆ ಯಲಹಂಕ ಉಪನಗರವೇ ಮೇಲು, ಇದರಲ್ಲಿ ನನಗೆ ಎರಡು ಮಾತಿಲ್ಲ.

ಮತ್ತೆ ಈ ಕಡೆ ಯಾಕೆ ಬಂದಿರಿ ಅಂತ ಕೇಳುತ್ತೀರಿ. ಅಮ್ಮನಿಗೋಸ್ಕರ.

ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ನಾನು ವಾರಕ್ಕೆ ಮೂರು ದಿನ ಆಫೀಸಿಗೆ ಹೋಗುವವನು. ಅಮ್ಮ ವಾರದ ಏಳೂ ದಿನ, ಹಗಲೂ ರಾತ್ರಿ ಆ ಮನೆಯಲ್ಲೇ ಇರುವವರು. ಹಾಗಿರುವಾಗ ಮನೆಯನ್ನು ನನ್ನ ಆಫೀಸಿನಿಂದ ಅಳೆಯುವುದು ಸರಿಯಾ? ಅವರು ಮೂವತ್ತು ವರ್ಷ ಇದ್ದದ್ದು ಹನುಮಂತನಗರದ ಬಾಡಿಗೆ ಮನೆಯಲ್ಲಿ. ಅವರ ತಂಗಿ ಇರುವುದು ಜಯನಗರದಲ್ಲಿ, ಡಾಕ್ಟರು ಬಸವನಗುಡಿಯಲ್ಲಿ, ಹೂವು ಹಣ್ಣು ವೀಳ್ಯದೆಲೆಗೆ ಗಾಂಧಿ ಬಜಾರೇ ಆಗಬೇಕು. ಅಮ್ಮನಿಗೆ 71. ಗಾಡಿ ಓಡಿಸಲು ಬರುವುದಿಲ್ಲ, ಬಸ್ಸಿನ ಮೆಟ್ಟಿಲು ಹತ್ತಲು ಮಂಡಿ ನೋವು.

2021ರ ಜನವರಿಯಲ್ಲಿ ಹಸಿರು ಮೆಟ್ರೋ ರೇಷ್ಮೆ ಸಂಸ್ಥೆಯವರೆಗೆ ಬಂತು. ವಾಜರಹಳ್ಳಿಯಲ್ಲಿ ಹತ್ತಿದರೆ ಏಳನೇ ನಿಲ್ದಾಣ ಜಯನಗರ, ಹತ್ತನೆಯದು ಬಸವನಗುಡಿಯ ನ್ಯಾಷನಲ್ ಕಾಲೇಜು, ಹದಿಮೂರನೆಯದು ಮೆಜೆಸ್ಟಿಕ್. ಮೊದಲ ಸಲ ಅಮ್ಮ ಒಬ್ಬರೇ ಹೋದ ದಿನ ನನಗೆ ಮೀಟಿಂಗಿನಲ್ಲಿ ಮನಸ್ಸೇ ಇರಲಿಲ್ಲ. ಸಂಜೆ ಮನೆಗೆ ಬಂದರೆ ಊಟದ ಮೇಜಿನ ಮೇಲೆ ಬಾಳೆಎಲೆಯಲ್ಲಿ ಸುತ್ತಿದ ಒಂದು ಮೊಳ ಮಲ್ಲಿಗೆ, ಒಂದು ಕಟ್ಟು ವೀಳ್ಯದೆಲೆ, ಎರಡು ಕೆ.ಜಿ. ಅವರೆಕಾಯಿ. "ಬೆರಳು ಮಡಚಿಕೊಂಡು ಎಣಿಸಿದೆ ಕಣೋ, ಹತ್ತು ಆದಾಗ ಇಳಿದೆ, ಅಲ್ಲಿಂದ ಆಟೋ" ಅಂದರು. ಲಿಫ್ಟ್ ಎಲ್ಲಿದೆ, ಯಾವ ಕಡೆ ಇಳಿಯಬೇಕು, ಎಲ್ಲಾ ನನಗೇ ಹೇಳಿಕೊಟ್ಟರು. ನಾನು ವಾರಕ್ಕೆ ಮೂರು ದಿನ ಮಾನ್ಯತಾಕ್ಕೆ ಬೆಂಗಳೂರನ್ನೇ ಸೀಳಿಕೊಂಡು ಹೋಗಿ ಬರುತ್ತೇನೆ, ಸುಸ್ತಾಗುತ್ತದೆ. ಆದರೂ ಅವತ್ತಿನಿಂದ ಈ ತೀರ್ಮಾನದ ಬಗ್ಗೆ ಒಮ್ಮೆಯೂ ಬೇಜಾರಾಗಿಲ್ಲ.

ಯಲಹಂಕದ ಕಡೆಗೂ ಮೆಟ್ರೋ ಬರುತ್ತದೆ, ವಿಮಾನ ನಿಲ್ದಾಣದ ನೀಲಿ ಮಾರ್ಗ ಬಳ್ಳಾರಿ ರಸ್ತೆಯಲ್ಲೇ ಹೋಗುತ್ತದೆ. ಆದರೆ ನಾವು ಮನೆ ಹುಡುಕುವಾಗ ಅಲ್ಲಿದ್ದದ್ದು ಬರೀ ಕಂಬಗಳು. ಬ್ರೋಕರ್‌ಗಳು ಮಾತ್ರ ನಾಳೆಯೇ ರೈಲು ಓಡುತ್ತದೆ ಅನ್ನುವ ಹಾಗೆ ರೇಟು ಹೇಳುತ್ತಿದ್ದರು. ಓಡದ ರೈಲಿಗೆ ಇವತ್ತೇ ದುಡ್ಡು ಕೊಡಬೇಡಿ ಅನ್ನುವುದು ನನ್ನ ಮಾತು.

ಈಗ ನೀರಿನ ವಿಷಯ. ಇದರಲ್ಲಿ ಎರಡು ಕಡೆಯನ್ನೂ ಕಣ್ಣು ಮುಚ್ಚಿ ನಂಬಬೇಡಿ. ಬೆಂಗಳೂರಿಗೆ ಕಾವೇರಿ ಬರುವುದೇ ಕನಕಪುರ ರಸ್ತೆ ಕಡೆಯಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಪಂಪುಗಳನ್ನು ದಾಟಿಕೊಂಡು. ಆದರೆ ಪೈಪು ಪಕ್ಕದಲ್ಲೇ ಹೋದರೂ ಎಷ್ಟೋ ಅಪಾರ್ಟ್‌ಮೆಂಟುಗಳಿಗೆ ಬೋರ್‌ವೆಲ್ಲೇ ಗತಿಯಾಗಿತ್ತು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರಿನಲ್ಲಿ. ಆ ವರ್ಷದ ಬೇಸಿಗೆ ನೆನಪಿದೆಯಲ್ಲ? ಅದೇ ಏಪ್ರಿಲ್‌ನಲ್ಲಿ ನಾವು ಒಂದು ಫ್ಲಾಟ್ ನೋಡಲು ಹೋಗಿದ್ದೆವು. ಮಾರುವವರು "ನೀರಿಗೆ ಏನೂ ತೊಂದರೆ ಇಲ್ಲ ಸಾರ್" ಅಂದರು. ಹೊರಗೆ ಬರುವಾಗ ಗೇಟಿನಲ್ಲಿ ಸೆಕ್ಯುರಿಟಿಯವರ ರಿಜಿಸ್ಟರ್ ತೆರೆದೇ ಇತ್ತು. ನೀಲಿ ಪೆನ್ನಿನಲ್ಲಿ ಸಾಲಾಗಿ ಟ್ಯಾಂಕರ್ ನಂಬರುಗಳು, ಬಂದ ಟೈಮು, ಹೋದ ಟೈಮು. ಬೆಳಗಿನ ಐದರಿಂದ ನಾವು ಹೋದ ಹನ್ನೊಂದು ಗಂಟೆಯೊಳಗೆ ಒಂಬತ್ತು ಲೋಡು. ಪುಟ ತಿರುಗಿಸಿದರೆ ಹಿಂದಿನ ದಿನವೂ ಅಷ್ಟೇ, ಅದರ ಹಿಂದಿನ ದಿನವೂ ಅಷ್ಟೇ. ಆ ಮನೆ ಅಲ್ಲಿಗೇ ಬಿಟ್ಟೆವು. ಆಮೇಲೆ ಎಲ್ಲಿ ಹೋದರೂ ಬೆಡ್‌ರೂಮ್ ನೋಡುವ ಮೊದಲು ನಾನು ನೋಡುತ್ತಿದ್ದದ್ದು ಆ ರಿಜಿಸ್ಟರನ್ನೇ.

ಮಳೆಗಾಲದಲ್ಲೂ ಒಂದು ಸಲ ಹೋಗಿ ನೋಡಲೇಬೇಕು. 2024ರ ಅಕ್ಟೋಬರಿನಲ್ಲಿ ಯಲಹಂಕ ಕೆರೆ ತುಂಬಿ, ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ ನೀರು ನುಗ್ಗಿ, ಜನರನ್ನು ದೋಣಿಯಲ್ಲಿ ಕರೆತಂದರು. ಹಾಗಂತ ಇಡೀ ಯಲಹಂಕವೇ ಮುಳುಗುತ್ತದೆ ಅಂತಲ್ಲ, ಎತ್ತರದ ಜಾಗಗಳು ಬೇಕಾದಷ್ಟಿವೆ. ಕನಕಪುರ ರಸ್ತೆಯಲ್ಲೇ ಒಂದು ಕಡೆ ಬೇಸ್‌ಮೆಂಟಿನ ಗೋಡೆಗೆ ಮೊಣಕಾಲು ಎತ್ತರದವರೆಗೆ ಮಾತ್ರ ಹೊಸ ಬಣ್ಣ ಹೊಡೆದಿದ್ದರು. ಯಾಕೆ ಅಂತ ಕೇಳಿದರೆ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನೋಡಿದರೆ ಪಕ್ಕದಲ್ಲೇ ರಾಜಕಾಲುವೆ, ಅಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆ. ಈ ಆ್ಯಪ್ ಉಚಿತ, ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ, ದಯವಿಟ್ಟು ಹಾಕಿಕೊಳ್ಳಿ.

ಕಾಗದ ಪತ್ರ ಲಾಯರ್ ಹತ್ತಿರ ತೋರಿಸಿ. ಖಾತೆ ಅಂದರೆ ತೆರಿಗೆಯ ದಾಖಲೆ, ಅದೇ ಮಾಲೀಕತ್ವದ ಪತ್ರ ಅಲ್ಲ, ಇದನ್ನು ಮರೆಯಬೇಡಿ. ಇನ್ನೊಂದು, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. 80 ಲಕ್ಷದ ಮನೆಗೆ ಅದೇ 1.6 ಲಕ್ಷ, ಶೇ 5ರ ಮುದ್ರಾಂಕ ಶುಲ್ಕ 4 ಲಕ್ಷ, ಮೇಲೆ ಸೆಸ್ಸು. ಈ ದುಡ್ಡು ಬೇರೆಯೇ ಎತ್ತಿಡಿ.

ಹಾಗಾದರೆ ಯಲಹಂಕ ಯಾರಿಗೆ? ದೇವನಹಳ್ಳಿ, ವಿಮಾನ ನಿಲ್ದಾಣದ ಕಡೆ ಕೆಲಸ ಇರುವವರಿಗೆ. ಊರು ಚಿಕ್ಕಬಳ್ಳಾಪುರ, ಗೌರಿಬಿದನೂರು, ದೊಡ್ಡಬಳ್ಳಾಪುರ ಆಗಿದ್ದು, ಹಬ್ಬಕ್ಕೆ ಸಾವಿಗೆ ಓಡಬೇಕಾದವರಿಗೆ. ಮನೆಯಲ್ಲಿರುವ ಹಿರಿಯರಿಗೆ ದೂರ ಹೋಗುವ ಅಗತ್ಯವಿಲ್ಲ, ಸಂಜೆ ಪಾರ್ಕಿಗೆ ನಡೆದು ಹೋಗಿ ಬಂದರೆ ಸಾಕು ಅನ್ನುವವರಿಗೆ ಉಪನಗರದಷ್ಟು ಒಳ್ಳೆಯ ಜಾಗ ಈ ಕಡೆ ನಾನು ನೋಡಿಲ್ಲ. ನನ್ನ ಸಹೋದ್ಯೋಗಿಯೊಬ್ಬರಿಗೆ ನಾನೇ ಅಲ್ಲಿ ತಗೊಳ್ಳಿ ಅಂತ ಹೇಳಿದೆ. ಅವರ ಅಪ್ಪ ಅಮ್ಮ ದೊಡ್ಡಬಳ್ಳಾಪುರದವರು.

ಆದ್ದರಿಂದ ನನ್ನನ್ನು ಕೇಳುವ ಮೊದಲು ಮನೆಯಲ್ಲಿ ಹಗಲೆಲ್ಲಾ ಯಾರಿರುತ್ತಾರೋ ಅವರನ್ನು ಕೇಳಿ. ವಾರದಲ್ಲಿ ಎಲ್ಲೆಲ್ಲಿಗೆ ಹೋಗುತ್ತಾರೆ, ಯಾರನ್ನು ನೋಡಬೇಕು ಅನ್ನಿಸುತ್ತದೆ ಅಂತ ಬರೆದುಕೊಳ್ಳಿ. ಏಪ್ರಿಲ್‌ನಲ್ಲಿ ಮನೆ ನೋಡಲು ಈ ಕಡೆ ಬಂದರೆ ಫೋನ್ ಮಾಡಿ, ಗೇಟಿನ ರಿಜಿಸ್ಟರ್ ನೋಡಲು ನಾನೂ ಜೊತೆಗೆ ಬರುತ್ತೇನೆ.