ಹಾದಿರ್, ಕರ್ನಾಟಕದಿಂದ

ಬಾಟಿಕ್ ಕಲಿಯಲೆಂದು ಇಂಡೋನೇಷ್ಯಾದ ಜಾವಾ ದ್ವೀಪದ ಯೋಗ್ಯಕರ್ತಾಕ್ಕೆ ಹೋದವಳು ನಾನು. 2020ರ ಮಾರ್ಚ್‌ನಲ್ಲಿ ತರಗತಿಯೂ ನಿಂತಿತು, ಊರಿಗೆ ಬರುವ ವಿಮಾನವೂ ನಿಂತಿತು. ಉಳಿದದ್ದು ಮೇಣದ ವಾಸನೆಯ ಒಂದು ಬಾಡಿಗೆ ಕೋಣೆ, ಗೋಡೆಯಾಚೆ ಮನೆಯೊಡತಿ. ಎಲ್ಲರಂತೆ ನಾನೂ ಅವರನ್ನು ‘ಬು’ ಎನ್ನುತ್ತಿದ್ದೆ, ನಾವು ಅಮ್ಮ ಎನ್ನುವ ಹಾಗೆ. ಅವರ ಬಾಯಲ್ಲಿ ನಾನು ‘ಮ್ಬಾ’, ಎಂದರೆ ಅಕ್ಕ.

ಒಂದು ರಾತ್ರಿ ಬು ಬಾಗಿಲು ತಟ್ಟಿದರು. “ಮ್ಬಾ, ಬನ್ನಿ, ವಯಾಂಗ್ ಶುರುವಾಯಿತು.” ವಯಾಂಗ್ ಎಂದರೆ ಮಹಾಭಾರತದಂಥ ಕಥೆಗಳನ್ನು ಪರದೆಯ ಮೇಲೆ ಆಡಿಸುವ ಜಾವಾದ ತೊಗಲುಗೊಂಬೆ ಆಟ. ಹೋಗಿ ನೋಡಿದರೆ ಪರದೆಯೂ ಇಲ್ಲ, ಜನರೂ ಇಲ್ಲ. ಕ್ರುಪುಕ್ ತುಂಬಿದ ತಗಡಿನ ಡಬ್ಬಿಗೆ ಒರಗಿಸಿದ ಮೊಬೈಲ್, ಅದರಲ್ಲಿ ಯೂಟ್ಯೂಬ್. ಕ್ರುಪುಕ್ ಎಂದರೆ ಅಲ್ಲಿಯ ಹಪ್ಪಳ. ಆ ಡಬ್ಬಿ ಇಲ್ಲದ ಮನೆಯನ್ನು ಜಾವಾದಲ್ಲಿ ನಾನು ನೋಡಲಿಲ್ಲ.

ಆಡಿಸುತ್ತಿದ್ದವರು ಕಿ ಸೆನೊ ನುಗ್ರೊಹೊ, ಯೋಗ್ಯಕರ್ತಾದ ಹೆಸರಾಂತ ದಾಲಾಂಗ್. ವಯಾಂಗ್ ಕುಲಿತ್‌ನಲ್ಲಿ ದಾಲಾಂಗ್ ಎಂದರೆ ಸೂತ್ರಧಾರನೂ ಅವನೇ, ಭಾಗವತನೂ ಅವನೇ, ಎಲ್ಲ ವೇಷಗಳ ಮಾತುಗಾರನೂ ಅವನೇ. ಕಾಲು ಮಡಚಿ ಕುಳಿತು, ಎಮ್ಮೆಯ ತೊಗಲಿನ ಗೊಂಬೆಗಳನ್ನು ಬೆಳಗಿನವರೆಗೆ ಆಡಿಸಬೇಕು. ಮರದ ಪೆಟ್ಟಿಗೆಯನ್ನು ಬಡಿದು ಗಾಮೆಲಾನ್ ವಾದ್ಯದವರಿಗೆ ಸೂಚನೆ ಕೊಡಬೇಕು. ಸೋಂಕಿನಿಂದ ಬಯಲಾಟವೆಲ್ಲ ನಿಂತಾಗ ಕಿ ಸೆನೊ ಕೆಲವೇ ವಾದ್ಯದವರನ್ನೂ ಸಿಂದೆನ್ ಎಂಬ ಹಾಡುಗಾರ್ತಿಯರನ್ನೂ ಕೂರಿಸಿಕೊಂಡು ಪ್ರೇಕ್ಷಕರಿಲ್ಲದೆಯೇ ನೇರಪ್ರಸಾರ ಆರಂಭಿಸಿದರು. ಅದರ ಹೆಸರು ‘ವಯಾಂಗ್ ಚ್ಲಿಮೆನ್’. ಚ್ಲಿಮೆನ್ ಎಂದರೆ ಗದ್ದಲವಿಲ್ಲದ, ಚಿಕ್ಕದಾದ.

ಮಂದಾರ್ತಿ ಮೇಳದ ಆಟ ನೋಡುತ್ತ ಚಾಪೆಯ ಮೇಲೆ ನಿದ್ದೆ ಹೋಗಿ, ಬಣ್ಣದ ವೇಷ ಬಂದಾಗ ಅಜ್ಜನಿಂದ ಎಬ್ಬಿಸಿಕೊಂಡು ಬೆಳೆದವಳು ನಾನು. ಅಂಗೈಯಗಲದ ಆಟ ಯಾವ ಆಟ ಎಂಬ ಬಿಂಕವಿತ್ತು. ಅದನ್ನು ಇಳಿಸಿದ್ದು ಗೊಂಬೆಗಳಲ್ಲ, ಪಕ್ಕದಲ್ಲಿ ಸರಸರನೆ ಮೇಲೇರುತ್ತಿದ್ದ ಸಾಲುಗಳು. ‘ಹಾದಿರ್, ಬಾಂತುಲ್.’ ‘ಹಾದಿರ್, ಹಾಂಗ್‌ಕಾಂಗ್.’ ‘ಹಾದಿರ್, ತೈವಾನ್.’ ಹಾದಿರ್ ನಮ್ಮ ಹಾಜರ್ ಪದದ ಒಡಹುಟ್ಟು. ಎರಡೂ ಅರಬ್ಬಿಯಿಂದ ಬಂದವು. ದೂರದೇಶಗಳಲ್ಲಿ ಮನೆಗೆಲಸಕ್ಕೂ ಕಾರ್ಖಾನೆಗೂ ಹೋದ ಜಾವಾದವರು ಶಾಲೆಯ ಮಕ್ಕಳಂತೆ ಹಾಜರಿ ಹೇಳುತ್ತಿದ್ದರು. ನಡುನಡುವೆ ದೇಣಿಗೆಯೂ ಬರುತ್ತಿತ್ತು.

“ನೀವೂ ಬರೆಯಿರಿ” ಎಂದರು ಬು. ‘ಹಾದಿರ್, ಕರ್ನಾಟಕ’ ಎಂದು ಬರೆದೆ. ಯಾರೋ ತಕ್ಷಣ ತಿದ್ದಿದರು: ‘ಕರ್ತಸುರ ಅಲ್ಲವೇ? ನನ್ನ ಅತ್ತೆಯ ಮನೆ ಅಲ್ಲೇ.’ ಕರ್ತಸುರ ಸೋಲೊ ನಗರದ ಪಕ್ಕದ ಊರು. ಬು ನಕ್ಕು ನಕ್ಕು ಡಬ್ಬಿಗೆ ಕೈ ತಾಗಿಸಿ ಮೊಬೈಲನ್ನೇ ಬೀಳಿಸಿದರು.

ಕಿ ಸೆನೊ ಅವರ ಜೀವಾಳ ಬಾಗೊಂಗ್. ಸೆಮಾರ್, ಗಾರೆಂಗ್, ಪೆತ್ರುಕ್, ಬಾಗೊಂಗ್ ಎಂಬ ನಾಲ್ವರು ಸೇವಕರು ನಮ್ಮ ವ್ಯಾಸರಿಗೆ ಗೊತ್ತಿಲ್ಲದವರು, ಜಾವಾದ ಮಣ್ಣಿನವರು. ಜಾವಾ ಭಾಷೆಯಲ್ಲಿ ಹಿರಿಯರೊಡನೆ ಆಡುವ ಮಾತು ‘ಕ್ರಾಮಾ’, ಸಲಿಗೆಯ ಮಾತು ‘ಙೊಕೊ’. (ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಿದ್ದ ನಮ್ಮ ‘ಙ’ಕ್ಕೆ ಕೊನೆಗೂ ಒಂದು ಉದ್ಯೋಗ.) ಬಾಗೊಂಗ್ ರಾಜನಿಗೂ ಙೊಕೊದಲ್ಲೇ ಮಾತನಾಡುತ್ತಾನೆ, ದೇವರಿಗೂ ಙೊಕೊದಲ್ಲೇ ಉತ್ತರ ಕೊಡುತ್ತಾನೆ. ಧರ್ಮರಾಯನನ್ನು ಏಕವಚನದಲ್ಲಿ ಕೂಗಿ ಕರೆದರೆ ಸಭೆ ಹೇಗೆ ಬೆಚ್ಚಬೇಕೋ ಹಾಗೆ ಬೆಚ್ಚುತ್ತದೆ, ಮರುಕ್ಷಣ ನಗುತ್ತದೆ. ನನಗೆ ಅರ್ಧ ಮಾತೂ ಅರ್ಥವಾಗುತ್ತಿರಲಿಲ್ಲ. ಬು ಇಂಡೋನೇಷ್ಯನ್ ಭಾಷೆಗೆ ತಿರುಗಿಸಿ ಹೇಳುವಷ್ಟರಲ್ಲಿ ನಗು ಹಳಸಿರುತ್ತಿತ್ತು, ಆದರೂ ನಗುತ್ತಿದ್ದೆ.

ಜಗಳವೂ ಆಗುತ್ತಿತ್ತು. ಅಲ್ಲಿ ಶ್ರೀಕಾಂದಿ ಅರ್ಜುನನ ವೀರಪತ್ನಿ. ನಮ್ಮ ಶಿಖಂಡಿಯ ಪಾಡು ಹೇಳಿದರೆ ಬು ನಂಬಲಿಲ್ಲ. ದ್ರೌಪದಿ ಅಲ್ಲಿ ಯುಧಿಷ್ಠಿರನೊಬ್ಬನ ಹೆಂಡತಿ. 2014ರಲ್ಲಿ ಎಎನ್‌ಟಿವಿಯಲ್ಲಿ ಬಂದ ಹಿಂದಿ ಮಹಾಭಾರತ ಧಾರಾವಾಹಿಯನ್ನು ಬು ಬಿಡದೆ ನೋಡಿದ್ದರು. ಅರ್ಜುನನಾದ ಶಾಹೀರ್ ಶೇಖ್‌ಗೆ ಇಡೀ ದೇಶವೇ ಮರುಳಾಗಿದ್ದ ಕಾಲವದು. “ಹುಡುಗ ಚೆಂದ. ಆದರೆ ಐದು ಗಂಡಂದಿರು! ಅಷ್ಟೂ ಜನಕ್ಕೆ ಅಡುಗೆ ಮಾಡಿ ಮುಗಿಯುವುದು ಯಾವಾಗ?” ಎಂಬುದು ಅವರ ತಕರಾರು.

ಆಗಸ್ಟ್‌ನಲ್ಲಿ ನಾನು ಊರಿಗೆ ಬಂದೆ. ನವೆಂಬರ್ 3ರ ರಾತ್ರಿ ಕಿ ಸೆನೊ ತೀರಿಕೊಂಡರು. ಅವರಿಗೆ 48 ವರ್ಷ. ಬು ಕಳುಹಿಸಿದ ಸಂದೇಶದಲ್ಲಿ ಒಂದೇ ಸಾಲು ಇತ್ತು: “ಮ್ಬಾ, ಬಾಗೊಂಗ್ ಹೋದ.”

ಈಗ ಅವರ ಆಟಗಳಿಂದ ಹಾಸ್ಯದ ತುಣುಕುಗಳನ್ನು ಕತ್ತರಿಸಿ ಹಾಕುವವರು ಬೇಕಾದಷ್ಟಿದ್ದಾರೆ. ನನಗೆ ಅವು ರುಚಿಸುವುದಿಲ್ಲ. ರಾಜರ ಉದ್ದುದ್ದ ಮಾತು ಕೇಳಿ, ಆಕಳಿಸಿ, ಚಹಾ ಕುಡಿದು ಕಾದವರಿಗಷ್ಟೇ ಬಾಗೊಂಗ್‌ನ ಮೊದಲ ಬೈಗುಳದ ಸುಖ ದಕ್ಕುತ್ತದೆ. ಬು ಸಹ ಪೂರ್ತಿ ಆಟವನ್ನೇ ಹಾಕಿಕೊಳ್ಳುತ್ತಾರೆ. ಮುಗಿದುಹೋದ ಆಟಗಳ ಕೆಳಗೂ ಜನ ಹಾಜರಿ ಹೇಳುತ್ತಲೇ ಇದ್ದಾರೆ.

ಕಳೆದ ವಾರ ಬು ಸಂದೇಶ ಕಳುಹಿಸಿದ್ದರು: “ಮ್ಬಾ, ನಿಮ್ಮ ಪರವಾಗಿಯೂ ಹಾದಿರ್ ಹಾಕಿದ್ದೇನೆ. ಊರು ಕರ್ತಸುರ ಎಂದೇ ಬರೆದೆ. ಇನ್ನು ಯಾರೂ ತಿದ್ದುವುದಿಲ್ಲ.”