ಎಡಿಟಿಂಗ್ ಪಿಸಿ, ಮೂರನೇ ವಾರ: ರ‍್ಯಾಮ್ ಕೂತಿತು, ಎಸ್‌ಎಂಪಿಎಸ್ ಬದಲಾಯಿತು

ಬೋರ್ಡು, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಹೋದ ವಾರವೇ ಸೇರಿದ್ದವು. ಗೆಳೆಯ ಕೊಟ್ಟ ಬಿ450 ಬೋರ್ಡು, ಹೊಸ ರೈಜನ್ 5 5600, ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060. ಬೋರ್ಡಿನಲ್ಲಿ ಮೊದಲು ರೈಜನ್ 2600 ಇತ್ತು. ಅದನ್ನು ಬಿಚ್ಚುವ ಮೊದಲೇ ಅವನ ಮನೆಯಲ್ಲಿ ಬಯೋಸ್ (ಬೋರ್ಡನ್ನು ಶುರುಮಾಡಿಸುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿಸಿಕೊಂಡು ಬಂದೆ, ಯಾಕಂದ್ರೆ ತೀರಾ ಹಳೇ ಬಯೋಸ್ ಇದ್ದರೆ 5600 ಹಾಕಿದಾಗ ಆನ್ ಆಗುವುದಿಲ್ಲ.

ಇದೆಲ್ಲ ಊರಿನ ಮೂಡಲಪಾಯ ಯಕ್ಷಗಾನದ ವಿಡಿಯೋ ಎಡಿಟ್ ಮಾಡೋದಕ್ಕೋಸ್ಕರ. ರಾತ್ರಿಯಿಡೀ ನಡೆಯುವ ಆಟ, ಎರಡು ಕ್ಯಾಮೆರಾ, ಬೆಳಗಾಗುವಷ್ಟರಲ್ಲಿ ರಾಶಿ ಫೈಲು. ಹಳೇ ಕಂಪ್ಯೂಟರಿನ 8 ಜಿಬಿಗೆ ಅದನ್ನು ತೆರೆಯುವುದೇ ಕಷ್ಟ.

ಮೊದಲು ರ‍್ಯಾಮ್. ತುಮಕೂರಿನಲ್ಲೇ ಒಂದು ಅಂಗಡಿಯಲ್ಲಿ ಕೇಳಿದೆ. ಅವರು ತೆಗೆದುಕೊಟ್ಟಿದ್ದು ಡಿಡಿಆರ್5, ನನಗೆ ಬೇಕಾದ ಡಿಡಿಆರ್4ರ ಮುಂದಿನ ತಲೆಮಾರು. "ಎರಡೂ 288 ಪಿನ್ನೇ ಸಾರ್, ಕೂರುತ್ತೆ" ಅಂದರು. ಪಿನ್ ಲೆಕ್ಕ ಸರಿ. ಆದರೆ ನಾನು ಹಳೇ ಡಿಡಿಆರ್4 ಸ್ಟಿಕ್ ಅನ್ನು ಜೇಬಿನಲ್ಲೇ ಇಟ್ಟುಕೊಂಡು ಹೋಗಿದ್ದೆ. ಕೌಂಟರಿನ ಗಾಜಿನ ಮೇಲೆ ಎರಡನ್ನೂ ಒಂದರ ಪಕ್ಕ ಒಂದು ಇಟ್ಟು, ಕೆಳಗಿನ ಚಿನ್ನದ ಬಣ್ಣದ ಅಂಚು ತೋರಿಸಿದೆ. ನಡುವಿನ ಕಚ್ಚು ಒಂದೇ ಜಾಗದಲ್ಲಿ ಇಲ್ಲ, ಕೆಲವೇ ಮಿಲಿಮೀಟರ್ ಆಚೀಚೆ. ಜೋರಾಗಿ ಒತ್ತಿದರೆ ಸ್ಲಾಟೇ ಹೋಗುತ್ತದೆ. ವೋಲ್ಟೇಜೂ ಬೇರೆ: ಡಿಡಿಆರ್4ಗೆ 1.2, ಡಿಡಿಆರ್5ಗೆ 1.1, ಅದರಲ್ಲಿ ವೋಲ್ಟೇಜ್ ನೋಡಿಕೊಳ್ಳುವ ಚಿಪ್ಪು ಸ್ಟಿಕ್ಕಿನ ಮೇಲೇ ಇರುತ್ತದೆ. ನನ್ನ ಬಿ450ಯಂಥ ಎಎಂ4 ಸಾಕೆಟ್ಟಿನ (ಪ್ರೊಸೆಸರ್ ಕೂರುವ ಜಾಗ) ಬೋರ್ಡಿಗೆ ಡಿಡಿಆರ್4 ಬಿಟ್ಟು ಬೇರೆ ಆಗುವುದಿಲ್ಲ. ಇಂಟೆಲ್ 12ನೇ ಜನರೇಷನ್ ತಗೊಳ್ಳೋರು ಇನ್ನೂ ಹುಷಾರಾಗಿರಬೇಕು, ಪ್ರೊಸೆಸರ್ ಎರಡಕ್ಕೂ ಒಪ್ಪುತ್ತದೆ, ಬೋರ್ಡು ಸಾಮಾನ್ಯವಾಗಿ ಒಂದಕ್ಕೇ ಒಪ್ಪುತ್ತದೆ.

ಕೊನೆಗೆ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋದೆ. ಮೆಜೆಸ್ಟಿಕ್ಕಿನಿಂದ ಮೆಟ್ರೋದಲ್ಲಿ ಒಂದೇ ಸ್ಟಾಪು, ಚಿಕ್ಕಪೇಟೆ. ಅಲ್ಲಿಂದ ಎಸ್‌ಪಿ ರೋಡು, ಕಂಪ್ಯೂಟರ್ ಅಂಗಡಿಗಳ ಬೀದಿ. 16 ಜಿಬಿಯ ಎರಡು ಸ್ಟಿಕ್ ಒಂದೇ ಪ್ಯಾಕಿನಲ್ಲಿರುವ 3200 ವೇಗದ ಕಿಟ್ ತಗೊಂಡೆ. ಬೋರ್ಡಿನ ಕಂಪನಿಯ ಮೆಮೊರಿ ಪಟ್ಟಿಯಲ್ಲಿ ಅದರ ಮಾಡೆಲ್ ನಂಬರ್ ಇದೆಯಾ ಅಂತ ಅಲ್ಲೇ ಫೋನಿನಲ್ಲಿ ನೋಡಿಕೊಂಡೆ. ಹಳೇ 8 ಜಿಬಿ ಸ್ಟಿಕ್ಕನ್ನೂ ಜೊತೆಗೆ ಸೇರಿಸುವ ಆಸೆ ಇತ್ತು, ಬಿಟ್ಟೆ. ಅದು 2400ರದ್ದು, ಸೇರಿಸಿದರೆ ಎಲ್ಲವೂ ಅದರ ವೇಗಕ್ಕೇ ಇಳಿಯುತ್ತವೆ.

ಈಗ ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಡಬ್ಬಿ. ನನಗೆ ಹೆದರಿಕೆ ಹುಟ್ಟಿಸಿದ್ದು ಇದೇ.

ಕ್ಯಾಬಿನೆಟ್ ಜೊತೆ ಬಂದಿದ್ದರ ಮೇಲೆ ದೊಡ್ಡದಾಗಿ 450 ಅಂತ ಬರೆದಿತ್ತು. ವ್ಯಾಟ್ ಅಂತಲೇ ಅಂದುಕೊಂಡಿದ್ದೆ. ಟಾರ್ಚ್ ಹಿಡಿದು ಪಕ್ಕದ ಸ್ಟಿಕ್ಕರ್ ಓದಿದೆ. +12 ವೋಲ್ಟ್ ಸಾಲಿನಲ್ಲಿ 15 ಆಂಪಿಯರ್. 12 ಇಂಟು 15, ಅಂದರೆ 180 ವ್ಯಾಟ್! ಈಗಿನ ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಹೆಚ್ಚುಕಮ್ಮಿ ಪೂರ್ತಿ ಕರೆಂಟ್ ತಗೊಳ್ಳೋದು ಈ 12 ವೋಲ್ಟ್ ಸಾಲಿನಿಂದಲೇ. 3060 ಒಂದಕ್ಕೇ 170 ವ್ಯಾಟ್, 5600ಕ್ಕೆ 65, ಕೆಲಸ ಜಾಸ್ತಿಯಾದರೆ ಇನ್ನೂ ಸ್ವಲ್ಪ. ಬೋರ್ಡು, ಫ್ಯಾನು, ಎಸ್‌ಎಸ್‌ಡಿ ಸೇರಿಸಿದರೆ 300ರ ಹತ್ತಿರ ಹೋಗುತ್ತದೆ. ಕಾರ್ಡು ಕಣ್ಣು ಮಿಟುಕಿಸುವಷ್ಟರಲ್ಲಿ 170 ದಾಟಿ ಎಗರುವುದೂ ಉಂಟು. ಕಾರ್ಡಿಗೆ ಬೇಕಾದ 8 ಪಿನ್ ಕೇಬಲ್ಲೇ ಅದರಲ್ಲಿ ಇರಲಿಲ್ಲ. ಬೇರೆ ಕೇಬಲ್ಲನ್ನು 8 ಪಿನ್ ಮಾಡುವ ಕನ್ವರ್ಟರ್ ಹಾಕಿಕೊಳ್ಳಿ ಅಂತ ಹೇಳುವವರು ಸಿಗುತ್ತಾರೆ. ದಯವಿಟ್ಟು ಹಾಕಬೇಡಿ. ಆ ಕೇಬಲ್ ಇಲ್ಲ ಅಂದ್ರೆ ಆ ಡಬ್ಬಿ ಅಂಥ ಕಾರ್ಡಿಗೆ ಮಾಡಿದ್ದಲ್ಲ ಅಂತಲೇ ಅರ್ಥ.

ಎನ್ವಿಡಿಯಾ 3060ಗೆ 550 ವ್ಯಾಟ್ ಹೇಳುತ್ತದೆ. ಅಷ್ಟರದ್ದೇ ತಗೊಂಡೆ, 80 ಪ್ಲಸ್ ಬ್ರಾಂಜ್ (ಕರೆಂಟ್ ಎಷ್ಟು ಕಮ್ಮಿ ಪೋಲಾಗುತ್ತದೆ ಅನ್ನೋದರ ದರ್ಜೆ). ಇದರ ಸ್ಟಿಕ್ಕರಿನಲ್ಲಿ 12 ವೋಲ್ಟಿಗೆ 43 ಆಂಪಿಯರ್, 516 ವ್ಯಾಟ್. ನೆಮ್ಮದಿಯಾಯಿತು.

ಮನೆಗೆ ತಂದಾಗ ಅಪ್ಪ ಡಬ್ಬ ತಿರುಗಿಸಿ ನೋಡಿ, "550 ಅಂದ್ರೆ ಕರೆಂಟ್ ಬಿಲ್ ಎಷ್ಟಪ್ಪಾ ಬರುತ್ತೆ?" ಅಂದರು. ಒಳ್ಳೇ ಪ್ರಶ್ನೆ. 550 ಅನ್ನೋದು ಅದು ಕೊಡಬಲ್ಲ ಗರಿಷ್ಠ, ಯಾವಾಗಲೂ ಎಳೆಯುವುದಲ್ಲ. ಸುಮ್ನೆ ಆನ್ ಆಗಿದ್ದಾಗ ಅದರ ಕಾಲು ಭಾಗವೂ ಬೇಕಾಗಲ್ಲ. ಆದರೆ ಅಪ್ಪನ ಪ್ರಶ್ನೆಯಿಂದಲೇ ಯುಪಿಎಸ್ ಲೆಕ್ಕ ನೆನಪಾಯಿತು. ನಮ್ಮದು 600 ವಿಎ, ಹಿಂಬದಿಯಲ್ಲಿ 360 ವ್ಯಾಟ್ ಅಂತಿದೆ. ಒಳಗೆ 300 ಬೇಕಾದರೆ, ನೂರಕ್ಕೆ 85 ಸಿಗುವ ಲೆಕ್ಕದಲ್ಲಿ, ಗೋಡೆಯಿಂದ ಸುಮಾರು 353 ಎಳೆಯುತ್ತದೆ. ಮಾನಿಟರ್ ಸೇರಿದರೆ ದಾಟಿತು. ವಿಡಿಯೋ ರೆಂಡರ್ ಆಗುತ್ತಿರುವಾಗ ಕರೆಂಟ್ ಹೋದರೆ ಯುಪಿಎಸ್ ಇದ್ದೂ ಇಲ್ಲದ ಹಾಗೆ. 1 ಕೆವಿಎ ಬೇಕು, ಮುಂದಿನ ತಿಂಗಳು.

ಭಾನುವಾರ ಜೋಡಿಸಿದೆ. ಪ್ರೊಸೆಸರಿನ 8 ಪಿನ್ನೂ ಕಾರ್ಡಿನ 8 ಪಿನ್ನೂ ನೋಡಲು ಒಂದೇ ಥರ, ಆದರೆ ಒಂದು 4+4, ಇನ್ನೊಂದು 6+2. ತುದಿಯ ಬರಹ ಓದಿಯೇ ಚುಚ್ಚಿದೆ. ರ‍್ಯಾಮ್ ಸ್ಟಿಕ್ಕುಗಳು ಪ್ರೊಸೆಸರಿನ ಕಡೆಯಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ. ಸ್ವಿಚ್ ಒತ್ತಿದೆ, ಫ್ಯಾನ್ ತಿರುಗಿತು, ಪರದೆ ಕಪ್ಪು. ಬೋರ್ಡಿನ ಮೂಲೆಯಲ್ಲಿ ಮೆಮೊರಿಯ ಪುಟ್ಟ ಕೆಂಪು ದೀಪ ಉರಿಯುತ್ತಿತ್ತು. ಈ ಬೋರ್ಡಿನ ಸ್ಲಾಟಿಗೆ ಒಂದೇ ಕಡೆ ಕ್ಲಿಪ್ಪು. ಅದು ಕ್ಲಿಕ್ ಅಂದಿತ್ತು, ಇನ್ನೊಂದು ತುದಿ ಮಾತ್ರ ಕೂದಲೆಳೆಯಷ್ಟು ಮೇಲೆ ನಿಂತಿತ್ತು. ಪ್ಲಗ್ ಕಿತ್ತು, ಹೆಬ್ಬೆರಳಿನಿಂದ ಒತ್ತಿದಾಗ ಅಲ್ಲೂ ಕ್ಲಿಕ್ ಅಂತು. ಬಂತು!

ಮೊದಲು 2400 ಅಂತ ತೋರಿಸಿತು. ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮ್ ಅನ್ನು ಅದರ ಮೇಲೆ ಬರೆದಿರುವ ವೇಗಕ್ಕೆ ಓಡಿಸುವ ಸೆಟ್ಟಿಂಗ್) ಆನ್ ಮಾಡಿದ ಮೇಲೆ 3200 ಆಯಿತು. ಇದನ್ನು ಮಾಡದೇ ಬಿಟ್ಟರೆ ಕೊಟ್ಟ ದುಡ್ಡು ಅರ್ಧ ದಂಡ ಅಲ್ವಾ. ರಾತ್ರಿ ಮೆಮ್‌ಟೆಸ್ಟ್86 (ರ‍್ಯಾಮ್ ಪರೀಕ್ಷಿಸುವ ಸಾಫ್ಟ್‌ವೇರ್) ಹಾಕಿ ಮಲಗಿದೆ. ಬೆಳಿಗ್ಗೆ ನಾಲ್ಕು ಸುತ್ತೂ ಮುಗಿದಿತ್ತು, ತಪ್ಪು 0. ಇವತ್ತು ಸಂಜೆ ಮೊದಲ ಆಟದ ಫೈಲುಗಳನ್ನು ಕಾಪಿ ಮಾಡಲು ಹಾಕಿದ್ದೇನೆ.