ಡಿಎಲ್ ಸಸ್ಪೆಂಡ್ ಆದ್ಮೇಲೂ ಓಡಿಸೋನಿಗೆ ಏನ್ ಶಿಕ್ಷೆ ಕೊಡೋದು?

ಡಿಡಿ ಕೇಸಲ್ಲಿ, ಅಂದ್ರೆ ಕುಡಿದು ಓಡಿಸಿ ಶಿಕ್ಷೆ ಆದ್ರೆ, ಮೋಟಾರು ವಾಹನ ಕಾಯ್ದೆ 20ನೇ ಸೆಕ್ಷನ್ ಪ್ರಕಾರ ಕೋರ್ಟು ಅವನನ್ನ ಕನಿಷ್ಠ 6 ತಿಂಗಳು ಡಿಎಲ್ ಇಟ್ಕೊಳ್ಳೋಕೆ ಅನರ್ಹ ಮಾಡ್ಲೇಬೇಕು. ಮೊಬೈಲ್ ಹಿಡ್ಕೊಂಡು ಓಡಿಸಿದ್ರೆ, ಸಿಗ್ನಲ್ ಜಂಪ್ ಮಾಡಿದ್ರೆ ಕಮ್ಮಿ ಅಂದ್ರೂ 3 ತಿಂಗಳು ಡಿಎಲ್ ಸಸ್ಪೆಂಡ್ ಮಾಡಿ ಅಂತ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಹೇಳಿತ್ತು. ಸರಿ, ಸಸ್ಪೆಂಡ್ ಆಯ್ತು. ಆದ್ರೆ ಕೀ ಇನ್ನೂ ಅವನ ಜೇಬಲ್ಲೇ ಇದೆಯಲ್ಲ, ಮಾರನೇ ದಿನ ಬೆಳಿಗ್ಗೆ ಟಾಟಾ ಏಸ್ ಸ್ಟಾರ್ಟ್ ಮಾಡಿ ಮಾರ್ಕೆಟ್ ಕಡೆ ಹೊರಟೇ ಹೊರಡ್ತಾನೆ, ಯಾಕಂದ್ರೆ ಕ್ಯಾಮೆರಾಗೆ ಕಾಣೋದು ನಂಬರ್ ಪ್ಲೇಟು, ಡಿಎಲ್ ಅಲ್ಲ, ಯಾರಾದ್ರೂ ನಿಲ್ಲಿಸಿ ಡಿಎಲ್ ನಂಬರ್ ಹಾಕಿ ನೋಡೋ ತನಕ ಆರಾಮಾಗಿ ಓಡಾಡ್ಕೊಂಡಿರ್ತಾನೆ.

ಸಿಕ್ಕಿಬಿದ್ರೆ ಅದೇ ಕಾಯ್ದೆಯ ಸೆಕ್ಷನ್ 182, ಅನರ್ಹ ಆಗಿದ್ರೂ ಓಡಿಸೋದಕ್ಕೆ ಶಿಕ್ಷೆ. ಮೊದ್ಲು ದಂಡ 500 ರೂಪಾಯಿ ತನಕ ಅಷ್ಟೇ ಇತ್ತು, 2019ರ ತಿದ್ದುಪಡಿ ಆದ್ಮೇಲೆ 10,000, ಇಲ್ಲಾ 3 ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ನನ್ ತಕರಾರು ಇರೋದು ಇಲ್ಲೇ ನೋಡಿ. ಕುಡಿದು ಓಡಿಸೋದಕ್ಕೆ ಮೊದಲ ಸಲ 6 ತಿಂಗಳವರೆಗೆ ಜೈಲು, ಮತ್ತೆ ಸಿಕ್ರೆ 2 ವರ್ಷದವರೆಗೆ ಅಂತ ಮೆಟ್ಟಿಲು ಇದೆ. ಅಪಾಯಕಾರಿ ಚಾಲನೆಗೂ ಇದೆ. ಅನರ್ಹ ಆದ್ಮೇಲೂ ಓಡಿಸೋನಿಗೆ ಮಾತ್ರ ಇಲ್ಲ! ಮೊದಲನೇ ಸಲ ಸಿಕ್ಕೋನಿಗೂ ನಾಲ್ಕನೇ ಸಲ ಸಿಕ್ಕೋನಿಗೂ ಅದೇ 3 ತಿಂಗಳ ಮಿತಿ. ಕೋರ್ಟಿನ ಆದೇಶಾನೇ ಕಾಲ್ಕಸ ಮಾಡ್ದೋನು ಅವ್ನು, ಅವ್ನಿಗೇ ರಿಯಾಯ್ತಿ.

ಕಟಕಟೇಲಿ ನಿಂತಾಗ ಬರೋ ಮಾತು ಗೊತ್ತೇ ಇದೆ, "ಸ್ವಾಮಿ ತಪ್ಪಾಯ್ತು, ಮನೇಲಿ ದುಡಿಯೋನು ನಾನೊಬ್ನೇ." ಸುಳ್ಳಲ್ಲ ಅದು ಎಷ್ಟೋ ಸಲ. ಹಾಗಂತ ದಂಡ ಹಾಕಿ ಕಳ್ಸಿದ್ರೆ ಆ ದಂಡ ತೀರ್ಸೋಕೂ ಮತ್ತೆ ಸ್ಟೇರಿಂಗೇ ಹಿಡೀಬೇಕು, ಅದಕ್ಕೆ ಬರೀ ದಂಡದಿಂದ ಏನೂ ಆಗಲ್ಲ ಅಂತೀನಿ ನಾನು. ಇನ್ನೊಂದು ಆರು ತಿಂಗಳು ಅನರ್ಹತೆ ಸೇರ್ಸೋದಂತೂ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ನ್ಯೂಜಿಲೆಂಡ್ ಕಾನೂನು ನೋಡಿ. ಮೊದಲೆರಡು ಸಲಕ್ಕೆ 3 ತಿಂಗಳ ಮಿತಿ, ನಮ್ ಥರಾನೇ, ಮೂರನೇ ಸಲದಿಂದ ಅದು 2 ವರ್ಷಕ್ಕೆ ಹಾರುತ್ತೆ. ಅದಕ್ಕಿಂತ ನಂಗೆ ಹಿಡಿಸಿದ್ದು ಅವರ 94ನೇ ಸೆಕ್ಷನ್. ಹಿಂದೆ ಅನರ್ಹ ಆಗಿದ್ದೋನಿಗೆ ಮತ್ತೆ ಅನರ್ಹತೆ ಹಾಕೋದ್ರಿಂದ ಉಪಯೋಗ ಇಲ್ಲ ಅನ್ಸಿದ್ರೆ, ಅದರ ಬದ್ಲು ಸಮುದಾಯ ಸೇವೆಯಂಥ ಶಿಕ್ಷೆ ಕೊಡ್ಬಹುದು. ಗಾಡಿ 28 ದಿನ ಎತ್ತಾಕ್ಕೊಂಡು ಹೋಗೋದೂ ಇದೆ ಅಲ್ಲಿ. ಗಾಡಿ ಕಣ್ಮುಂದೆ ಇಲ್ದೆ ಹೋದ್ರೆ ಓಡ್ಸೋ ಆಸೇನೂ ಕಮ್ಮಿ ಆಗುತ್ತೆ ಬಿಡಿ.

ನಮ್ಮಲ್ಲಿ ಇದು ತಿದ್ದುಪಡಿ ಆಗೋ ತನಕ ಕಾಯ್ಬೇಕಾಗಿಲ್ಲ. ಹಳೇ ಶಿಕ್ಷೆಗಳ ದಾಖಲೆ ಸರ್ಕಾರಿ ವಕೀಲರು ಜಡ್ಜ್ ಮುಂದೆ ಇಟ್ರೆ, ದಂಡಾನೋ ಜೈಲೋ ಅನ್ನೋದ್ರಲ್ಲಿ ಜೈಲು ಆರಿಸ್ಕೊಳ್ಳೋ ಅಧಿಕಾರ ಈಗ್ಲೂ ಇದೆ. ನಾಲ್ಕನೇ ಸಲದೋನಿಗೆ ಚೂರು ದಿನ ಆದ್ರೂ ಒಳಗೆ ಹಾಕ್ಲೇಬೇಕು, ನಾನಂತೂ ಇದ್ರಲ್ಲಿ ಮೆತ್ತಗಾಗಲ್ಲ. ಇನ್ನೊಂದು ವಿಷ್ಯ, ಗಾಡಿ ಅವನದೇ ಅಲ್ದೆ ಇದ್ರೆ ಓನರ್‌ನ ಯಾಕೆ ಬಿಡ್ಬೇಕು? ಸೆಕ್ಷನ್ 5, 180 ಇರೋದೇ ಅದಕ್ಕೆ, ಚಾಲ್ತಿ ಡಿಎಲ್ ಇಲ್ದೋನಿಗೆ ಓಡ್ಸೋಕೆ ಬಿಟ್ರೆ ಓನರ್‌ಗೂ 3 ತಿಂಗಳವರೆಗೆ ಜೈಲು ಅಥ್ವಾ 5,000 ದಂಡ. ಜೊತೆಗೆ ಇನ್ಶೂರೆನ್ಸ್ ಪಾಲಿಸಿ ತೆಗೆದು ನೋಡಿ, ಓಡಿಸೋನು ಅನರ್ಹ ಆಗಿರಬಾರದು ಅಂತ ಅಲ್ಲೇ ಬರ್ದಿರುತ್ತೆ. ಆಕ್ಸಿಡೆಂಟ್ ಆದ್ರೆ ಕಂಪ್ನಿ ಮೊದ್ಲು ಗಾಯಾಳುಗೆ ಪರಿಹಾರ ಕೊಟ್ಟು ಆಮೇಲೆ ಓನರ್ ಹತ್ರ ವಸೂಲಿ ಮಾಡ್ಬಹುದು, ಲಕ್ಷಗಟ್ಲೆ ದುಡ್ಡು. ಡ್ರೈವರ್ ಕಮ್ಮಿ ಸಂಬಳಕ್ಕೆ ಸಿಗ್ತಾನೆ ಅಂತ ಡಿಎಲ್ ಕೇಳ್ದೆ ಕೀ ಕೊಡೋ ಓನರ್‌ಗಳಿಗೆ ಇದೊಂದು ಗೊತ್ತಾದ್ರೆ ಅರ್ಧ ಕೇಸು ಕೋರ್ಟಿಗೇ ಬರಲ್ಲ.